ಜಾಜಿ ಎಲೆಗೆ ಒಂದು ಮಂಡಲ

ನಮ್ಮ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಕಾಫಿಪುಡಿಯ ಡಬ್ಬದ ಹಿಂದೆ, ಬಿಸಿಲು ತಾಗದ ಒಂದು ಮೂಲೆಯಿದೆ. ಒಂದು ಕಾಲಕ್ಕೆ ಅಲ್ಲಿ ನನ್ನ ಗಾಜಿನ ಸೀಸೆಗಳು ಸಾಲಾಗಿ ಕೂತಿರುತ್ತಿದ್ದವು: ತುಳಸಿ, ಒಂದೆಲಗ, ಅಮೃತಬಳ್ಳಿ, ಎಲ್ಲವೂ ಬ್ರಾಂಡಿಯಲ್ಲಿ ಮುಳುಗಿ ತಮ್ಮ ಸಾರವನ್ನು ನಿಧಾನವಾಗಿ ಬಿಟ್ಟುಕೊಡುತ್ತಾ. ಹುಬ್ಬೇರಿಸಬೇಡಿ ಸ್ವಾಮಿ, ಕುಡಿಯುವುದಕ್ಕಲ್ಲ, ಅರ್ಕಕ್ಕೆ. ಕಷಾಯವಾದರೆ ಅಂದಂದಿಗೇ ಮುಗಿಸಬೇಕು, ಅರ್ಕವಾದರೆ ವರ್ಷಗಟ್ಟಲೆ ಕೆಡುವುದಿಲ್ಲವೆಂದು ಎಲ್ಲೋ ಓದಿ ಹಿಡಿದ ಹುಚ್ಚು ಅದು. ಬ್ರಾಂಡಿ ತರುವ ಕರ್ಮ ನನ್ನ ಯಜಮಾನರದ್ದು. ಜನ್ಮದಲ್ಲಿ ವೈನ್ ಶಾಪಿನ ಮೆಟ್ಟಿಲು ಹತ್ತದಿದ್ದ ಮನುಷ್ಯ, ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ಸೊಪ್ಪಿನ ಚೀಲದ ಅಡಿಯಲ್ಲಿಟ್ಟು ತಂದು, "ನಿನ್ ದೆಸೆಯಿಂದ ನನ್ ಮಾನ ಹೋಯ್ತು ಕಣೇ, ಅಂಗಡಿಯವ್ನು 'ಏನ್ ಸಾರ್, ಮಾಮೂಲಾ?' ಅಂತಾನೆ" ಎಂದು ಗೊಣಗುತ್ತಿದ್ದರು.

ನಾನು ಕಾಲೇಜೊಂದರ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಸಹಾಯಕಿಯಾಗಿದ್ದವಳು; ಚೀಟಿ ಅಂಟಿಸದ ಸೀಸೆ ನನ್ನ ಕೈಯಿಂದ ಆಚೆ ಹೋಗುತ್ತಿರಲಿಲ್ಲ. ಎಲೆಯ ಹೆಸರು, ಹಾಕಿದ ತಾರೀಖು, ಸೋಸುವ ತಾರೀಖು. ಪುಸ್ತಕ ಆರು ವಾರ ಸಾಕೆಂದರೂ ನಾನು ನಮ್ಮ ಹಿರಿಯರ ಲೆಕ್ಕ ಹಿಡಿದು ಒಂದು ಮಂಡಲ, ನಲವತ್ತೆಂಟು ದಿನ ಪೂರ್ತಿ ಇಡುತ್ತಿದ್ದೆ. ವ್ರತಕ್ಕೂ ಮಂಡಲ, ಪಥ್ಯಕ್ಕೂ ಮಂಡಲ. ಕಾಯುವುದರಲ್ಲೇ ಏನೋ ಪುಣ್ಯವಿದೆಯೆಂದು, ಅವಸರಪಡುವವರೆಲ್ಲ ಅಲ್ಪರೆಂದು ನಂಬಿ ಬೆಳೆದವರಲ್ಲವೇ ನಾವು? ಉಪ್ಪಿನಕಾಯಿಯ ವಿಷಯದಲ್ಲಿ ಆ ನಂಬಿಕೆ ಸರಿಯಾಗಿಯೇ ಇದೆ. ಮನುಷ್ಯರ ವಿಷಯದಲ್ಲಿ ಅದನ್ನು ಯಾರಾದರೂ ತಿದ್ದಿದ್ದರೂ ನಾನು ಕೇಳುವವಳಾಗಿರಲಿಲ್ಲ ಬಿಡಿ, ಅಷ್ಟು ಗರ್ವವಿತ್ತು.

ನನ್ನ ಅಕ್ಕನನ್ನು ಕೋಗಿಲು ಎಂಬ ಊರಿಗೆ ಕೊಟ್ಟಿತ್ತು. ಅವಳು ಸೊಸೆಯಾಗಿ ಹೋದಾಗ ಮನೆಯ ಹಿಂದೆ ರಾಗಿ ಹೊಲ. ವಿಮಾನ ನಿಲ್ದಾಣ ಬಂದು ಮೂರ್ನಾಲ್ಕು ವರ್ಷವಾಗುವಷ್ಟರಲ್ಲಿ ಅಲ್ಲಿ ಅಪಾರ್ಟ್‌ಮೆಂಟು. ಹೊಲ ಹೋದರೂ ಊಟವಾದ ಮೇಲಿನ ಎಲೆ, ಅಡಿಕೆ, ಚಿಟಿಕೆ ಹೊಗೆಸೊಪ್ಪು ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಅಲ್ಲಾಳಸಂದ್ರದ ನಮ್ಮ ಮನೆಗೆ ಬಂದವಳು ಕೆನ್ನೆ ಒತ್ತಿಕೊಂಡೇ ಕೂತಳು.

"ಬಾಯೊಳ್ಗೆ ಒಂದು ಉಣ್ಣು ಕಣಮ್ಮಿ, ತಿಂಗ್ಳಾಯ್ತು, ಓಗ್ತಾನೇ ಇಲ್ಲ. ಬುದ್ವಾರ ರಜ ಆಕ್ತೀನಿ, ಆಸ್ಪತ್ರೆಗೆ ಓಗಾನ ಅಂದವ್ರೆ ನಿಮ್ ಭಾವ."

ನಾನು ನಕ್ಕುಬಿಟ್ಟೆ. "ಬಾಯಿ ಹುಣ್ಣಿಗೆ ಯಾರಾದ್ರೂ ರಜ ಹಾಕ್ತಾರೇನೇ ಅಕ್ಕ? ಜಾಜಿ ಎಲೆ, ಅತಿಮಧುರ ಹಾಕಿ ಅರ್ಕ ಮಾಡ್ಕೊಡ್ತೀನಿ. ನೀರಲ್ಲಿ ಬೆರೆಸಿ ಮುಕ್ಕಳಿಸು, ಹೋಗತ್ತೆ."

"ನೀನು ಓದ್ದೋಳು, ನೀನೇಳಿದ್ರೆ ಸರಿ" ಎಂದು ಅಕ್ಕ ಕಾಫಿ ಕುಡಿದು ಹೋದಳು. ಬುಧವಾರದ ಆಸ್ಪತ್ರೆ ಅಲ್ಲಿಗೆ ನಿಂತಿತು.

ಅರ್ಕ ಹಾಕಿಟ್ಟ ಇಪ್ಪತ್ತನೆಯ ದಿನವೋ ಏನೋ ಫೋನು ಮಾಡಿದಳು: ಖಾರ ಮುಟ್ಟಕ್ಕಾಗಲ್ಲ, ಮಜ್ಜಿಗೆ ಅನ್ನ ಒಂದೇ ಇಳಿಯೋದು, ಆಗಿರೋದ್ರಲ್ಲೇ ಒಸಿ ಕೊಡೇ. ಮಂಡಲ ತುಂಬದೆ ಮುಟ್ಟಬಾರದೆಂದೆ. ಮೇಷ್ಟರ ಗತ್ತಿನಲ್ಲೇ ಅಂದೆ. ನಲವತ್ತೊಂದನೆಯ ದಿನ ನೋಡಿದರೆ, ಎಲೆಗಳು ಬ್ರಾಂಡಿಯ ಮೇಲಕ್ಕೆ ತೇಲಿ ಬಿಳಿಯ ಬೂಷ್ಟು ಹಿಡಿದಿದ್ದವು. ಹೊಸಬರು ಮಾಡುವ ತಪ್ಪು, ನನಗೇ ನಾಚಿಕೆಯಾಯಿತು. ಎಲ್ಲವನ್ನೂ ಸುರಿದು, ಹೊಸ ಎಲೆಯನ್ನು ನೆರಳಲ್ಲಿ ಬಾಡಿಸಿ, ಮೇಲೇಳದಂತೆ ತೊಳೆದ ಕಲ್ಲೊಂದನ್ನು ಹೇರಿ ಮತ್ತೆ ಮೊದಲಿನಿಂದ ಹಾಕಿದೆ. ಮತ್ತೆ ನಲವತ್ತೆಂಟು. ಒಂದೇ ಒಂದು ದಿನವನ್ನೂ ಬಿಟ್ಟುಕೊಡಲಿಲ್ಲ. ಅಯ್ಯೋ, ಆ ನಿಷ್ಠೆಯನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅಂತೂ ಸೋಸಿದೆ. ಹೊಂಬಣ್ಣದ, ಗಮಗಮಿಸುವ ಅರ್ಕ. ಅಷ್ಟು ಚೆನ್ನಾಗಿ ನನಗೆ ಹಿಂದೆಂದೂ ಬಂದಿರಲಿಲ್ಲ. ಮೊದಲ ಸಲ ಮುಕ್ಕಳಿಸಿದಾಗ ಅಕ್ಕನ ಕಣ್ಣಲ್ಲಿ ದಳದಳ ನೀರು. ಉರಿದರೆ ಔಷಧಿ ನಾಟುತ್ತಿದೆ ಎಂದರ್ಥ, ಎಂದು ಸಮಾಧಾನ ಹೇಳಿದೆ. ಹತ್ತು ದಿನ ಆ ಉರಿಯನ್ನು ದಿನಕ್ಕೆ ಮೂರು ಹೊತ್ತು ಸಹಿಸಿದಳು, ಪುಣ್ಯಾತ್ಗಿತ್ತಿ. ಹನ್ನೊಂದನೆಯ ದಿನ ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕಿತು.

ಆಸ್ಪತ್ರೆಯಲ್ಲಿ ನಮ್ಮ ಮಗಳ ವಯಸ್ಸಿನ ಡಾಕ್ಟರು ಟಾರ್ಚು ಹಾಕಿ ನೋಡಿ, ಹುಣ್ಣು ಯಾವಾಗಿನಿಂದ ಇದೆ ಎಂದು ಕೇಳಿದರು. ನಾನು ಥಟ್ಟನೆ ತಾರೀಖು ಹೇಳಿದೆ. ಮೊದಲ ಸೀಸೆಯ ಚೀಟಿ ಕಣ್ಣಿಗೆ ಕಟ್ಟಿತ್ತಲ್ಲ, ಅಲ್ಲಿಂದ ಒಂದು ತಿಂಗಳು ಹಿಂದಕ್ಕೆ ಎಣಿಸಿದರಾಯಿತು. "ಇಷ್ಟು ಕರೆಕ್ಟಾಗಿ ಯಾರೂ ಹೇಳಲ್ಲ" ಎಂದವರೇ, ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಮತ್ತೆ ಇಷ್ಟು ದಿನ ಏನ್ ಮಾಡ್ತಿದ್ರಿ?"

ಉತ್ತರ ಕೊಟ್ಟವಳು ಅಕ್ಕ, ಅರ್ಧ ತೆರೆಯುವ ಬಾಯಿಯಲ್ಲೇ. "ನಾನೇ ಎದ್ರುಕೊಂಡು ಬರ್ಲಿಲ್ಲ ಕಣಮ್ಮ. ಇವ್ಳು ನಡಿ ನಡಿ ಅಂತಾನೇ ಇದ್ಲು."

ನಾನು ತಲೆಯಾಡಿಸಿದೆ. ಓದುವ ಸ್ನೇಹಿತರೇ, ಈ ಮಾತನ್ನು ನಿಮ್ಮೊಬ್ಬರಿಗೇ ಹೇಳುತ್ತಿದ್ದೇನೆ: ಹೌದು ಎಂಬಂತೆ ತಲೆಯಾಡಿಸಿದೆ.

ಆಪರೇಷನ್ ಆಯಿತು, ಕರೆಂಟು ಅನ್ನುತ್ತಾರಲ್ಲ, ಆ ರೇಡಿಯೇಷನ್ ಕೊಟ್ಟರು, ಮೂಗಿಗೆ ಕೊಳವೆ ಬಂತು. ಮಧ್ಯಾಹ್ನಗಳಲ್ಲಿ ಅವಳ ಹಾಸಿಗೆಯ ಪಕ್ಕ ನಾನೊಬ್ಬಳೇ ಇರುತ್ತಿದ್ದೆ. ಹೇಳಬೇಕಾದದ್ದನ್ನು ಹೇಳಲು ಹೊತ್ತಿಗೇನೂ ಬರವಿರಲಿಲ್ಲ. ತಪ್ಪಾಯಿತು ಅಂದಿದ್ದರೆ ಕಣ್ಣಲ್ಲೇ ಕ್ಷಮಿಸುತ್ತಿದ್ದಳು, ಗೊತ್ತು. ಆದರೂ ಇವತ್ತು ಬೇಡ, ನಾಳೆ ಅವಳು ಇನ್ನೊಂಚೂರು ಚೇತರಿಸಿಕೊಳ್ಳಲಿ ಎಂದು ಅಲ್ಲೂ ಕಾದೆ. ಅವಳು ಚೇತರಿಸಿಕೊಳ್ಳಲಿಲ್ಲ. ಕಾಲ ಎಲ್ಲವನ್ನೂ ಮಾಯಿಸುತ್ತದೆ ಅನ್ನುವವರನ್ನು ಕಂಡರೆ ನನಗೆ ಈಗ ಮೈ ಉರಿಯುತ್ತದೆ. ಕಾಲ ಮಾಡಿದ್ದೇನೆಂದು ಅವಳ ಕೆನ್ನೆಯಲ್ಲಿ ನೋಡಿದವಳು ನಾನು.

ತಿಥಿಯ ದಿನ ಕೋಗಿಲಿನ ಮನೆಯಲ್ಲಿ ಪಂಕ್ತಿಗೆ ಕೂತಿದ್ದೆವು. ಭಾವ ಬಡಿಸುವವರ ಹಿಂದೆ ನಡೆದುಬರುತ್ತಾ, ನನ್ನ ಎದುರು ನಿಂತು, ಪಕ್ಕದ ನೆಂಟರಿಗೆಲ್ಲ ಕೇಳುವಂತೆ ಹೇಳಿದರು: "ನಾನು ರಜ ಆಕ್ತೀನಿ ಅಂದ್ರೂ ಬ್ಯಾಡ ಅಂದ್ಳು. ಇವ್ರು ಆಸ್ಪತ್ರೆಗೆ ನಡಿ ನಡಿ ಅಂತ ಬಡ್ಕೊಂಡ್ರೂ ಕೇಳ್ಲಿಲ್ಲ. ಪಾಪ, ಇವ್ರು ಎಷ್ಟು ಮುತುವರ್ಜಿಯಿಂದ ಔಸ್ದಿ ಮಾಡ್ಕೊಟ್ರು! ಅವ್ಳದ್ದೇ ಅಟ." ಹೌದು ಬಿಡಪ್ಪ, ಮೊದಲಿನಿಂದಲೂ ಹಠಮಾರಿಯೇ, ಎಂದು ಯಾರೋ ಮುದುಕರು ನಿಟ್ಟುಸಿರಿಟ್ಟರು. ಜನ್ಮದಲ್ಲಿ ಒಂದು ಹಠವನ್ನೂ ಮಾಡದವಳನ್ನು ಹಾಗೆಂದರು. ಅಲ್ಲ ಎನ್ನಲು ನಾನು ಬಾಯಿ ತೆರೆದೆ.

"ಇವ್ರಿಗೆ ಇನ್ನೊಂದು ವಡೆ ಆಕ್ರಪ್ಪ" ಎಂದರು ಭಾವ.

ವಡೆ ಎಲೆಗೆ ಬಿತ್ತು. ತಲೆ ತಗ್ಗಿಸಿ ತಿಂದೆ.