ಜಲ್ಲಿ ರಸ್ತೆಯ ಎರ್ಮಿನಿಯಾ

ನಮ್ಮ ಸಾನ್ ಇಲಾರಿಯೊ ಊರಿನಲ್ಲಿ ಎರ್ಮಿನಿಯಾ ಕ್ವಾತ್ಲೆ ಎದುರಾದರೆ ಪೊಲೀಸರು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಾರೆ. ಸುಮ್ಮನೆ ಹೇಳುತ್ತಿಲ್ಲ, ನನ್ನ ಸೈಕಲ್ ರಿಪೇರಿ ಅಂಗಡಿಯ ಮುಂದೆಯೇ ಎರಡು ಸಲ ನೋಡಿದ್ದೇನೆ. ಐದಡಿಯೂ ಇಲ್ಲದ, ಮೊಣಕಾಲು ನೋವಿನ, ಐವತ್ತಮೂರು ವರ್ಷದ ಹೆಂಗಸು ಅವಳು, ಊರಿಗೆಲ್ಲ ದೋನ್ಯಾ, ಅಂದರೆ ಅಮ್ಮಾವ್ರು. ಇಪ್ಪತ್ತೆರಡು ವರ್ಷ ಬೇರೆಯವರ ಮನೆಯ ಅಂಗಿಗಳನ್ನು ಇಸ್ತ್ರಿ ಮಾಡಿದವಳು. ಅವಳಿಗೆ ಯಾಕೆ ಹೆದರುತ್ತಾರೆ ಎಂಬುದನ್ನು ನಾನು ಹೇಳಲೇಬೇಕು, ಏಕೆಂದರೆ ಅದರಲ್ಲಿ ನನ್ನ ನಾಚಿಕೆಯೂ ಸೇರಿದೆ.

ಎರ್ಮಿನಿಯಾ ಮತ್ತು ಅವಳ ತಂಗಿ ಒಟಿಲಿಯಾ ದಿನಾ ಬೆಳಗ್ಗೆ ಆರೂಕಾಲಿಗೆ ನನ್ನ ಅಂಗಡಿ ದಾಟಿ ಹೋಗುತ್ತಿದ್ದರು. ಇಬ್ಬರೂ ಕೆಲಸಕ್ಕಿದ್ದದ್ದು ಊರಾಚೆ ಎತ್ತರದ ಗೋಡೆ, ಗೇಟು, ಕಾವಲುಗಾರರಿರುವ ಲಾಸ್ ಫ್ರೆಸ್ನೊಸ್ ಬಡಾವಣೆಯಲ್ಲಿ. ಅಲ್ಲಿಗೆ ಒಂಬತ್ತು ಕಿಲೋಮೀಟರ್, ಇರುವುದೊಂದೇ ರಸ್ತೆ. ಕಲ್ಲು ಗಣಿಯ ಲಾರಿಗಳೂ ಅದರಲ್ಲೇ ಓಡುವುದರಿಂದ ನಾವು ಅದನ್ನು ಜಲ್ಲಿ ರಸ್ತೆ ಎನ್ನುತ್ತೇವೆ. ಬಸ್ಸು ಬಂದರೆ ಬಂತು, ಬಂದರೂ ಬಾಗಿಲಲ್ಲಿ ಜನ ನೇತಾಡುತ್ತಿರುತ್ತಾರೆ. ಹಾಗಾಗಿ ಮನೆಗೆಲಸದ ಹೆಂಗಸರು, ಗಾರೆ ಕೆಲಸದವರು, ತೋಟದ ಮಾಲಿಗಳು ಎಲ್ಲರೂ ಸೈಕಲ್ಲೇ ತುಳಿಯುವುದು.

ಅಕ್ಕತಂಗಿಯರಲ್ಲಿ ಒಟಿಲಿಯಾ ನಗುವವಳು, ಎರ್ಮಿನಿಯಾ ಬೈಯುವವಳು. ಒಟಿಲಿಯಾ ನನ್ನ ಅಂಗಡಿಯ ಮುಂದೆ ಕಾಲೂರಿ ನಿಂತು, "ಮಾಯೆಸ್ತ್ರೊ ಬುಲ್ಮಾರೊ, ನಿನ್ನೆ ಗಾಳಿ ಹಾಕಿದ್ರೋ ಇಲ್ಲಾ ಊದಿ ಕಳಿಸಿದ್ರೋ?" ಎಂದು ರೇಗಿಸುತ್ತಿದ್ದಳು. ಕೈಕೆಲಸದವರನ್ನು ನಮ್ಮಲ್ಲಿ ಮಾಯೆಸ್ತ್ರೊ, ಅಂದರೆ ಮೇಸ್ತ್ರಿ, ಎನ್ನುವುದು ವಾಡಿಕೆ. ಎರ್ಮಿನಿಯಾ ಯಾವಾಗಲೂ ಮುಂದೆ ಹೋಗುವವಳು. ಲಾರಿ ಉಜ್ಜಿಕೊಂಡು ಹೋದರೆ ಚಪ್ಪಲಿ ತೆಗೆದು ಅದರ ಬಾಗಿಲಿಗೆ ಬಾರಿಸುತ್ತಿದ್ದಳು. ನಾವೆಲ್ಲ ಅದನ್ನು ನೆನೆಸಿಕೊಂಡು ನಗುತ್ತಿದ್ದೆವು.

ಮಾರ್ಚ್ ತಿಂಗಳ ಒಂದು ಗುರುವಾರ, ಏಳಕ್ಕೆ ಹತ್ತು ನಿಮಿಷವಿದ್ದಾಗ, ಐದನೆಯ ಕಿಲೋಮೀಟರಿನ ಮೋರಿಯ ಹತ್ತಿರ ಒಂದು ಖಾಲಿ ಜಲ್ಲಿ ಲಾರಿ ಒಟಿಲಿಯಾಳನ್ನು ಹಿಂದಿನಿಂದ ಗುದ್ದಿತು. ಬೆಳಕು ಚೆನ್ನಾಗಿತ್ತು, ರಸ್ತೆ ನೇರವಾಗಿತ್ತು. ಮುಂದಿದ್ದ ಎರ್ಮಿನಿಯಾ ಸದ್ದು ಕೇಳಿ ತಿರುಗಿದಳು. ಚಾಲಕ ಇನ್ನೂರು ಮೀಟರ್ ಮುಂದೆ ಹೋಗಿ ನಿಲ್ಲಿಸಿ, ಇಳಿದು, ಮೊದಲು ತನ್ನ ಟೈರು ನೋಡಿದನಂತೆ. ಆಮೇಲೆ ಮಾಲೀಕನಿಗೆ ಫೋನು ಮಾಡಿದನಂತೆ. ಎರ್ಮಿನಿಯಾ ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಇಷ್ಟನ್ನೂ ನೋಡಿದಳು. ಆಂಬುಲೆನ್ಸ್ ಬರುವ ಹೊತ್ತಿಗೆ ಒಟಿಲಿಯಾ ಹೋಗಿಬಿಟ್ಟಿದ್ದಳು.

ಹದಿನೈದು ದಿನಕ್ಕೆ ಪೊಲೀಸರ ವರದಿ ಬಂತು. ಎರ್ಮಿನಿಯಾ ಅದನ್ನು ಹಿಡಿದುಕೊಂಡು ನೇರ ನನ್ನ ಅಂಗಡಿಗೆ ಬಂದಳು. ನಾನು ಒಂದು ಟ್ಯೂಬಿಗೆ ತೇಪೆ ಹಾಕುತ್ತಿದ್ದೆ. ಅವಳು ನಿಂತುಕೊಂಡೇ ಓದಿದಳು.

"'ಮೃತಳ ಅಜಾಗರೂಕತೆಯೇ ಅಪಘಾತಕ್ಕೆ ಕಾರಣ. ಸೈಕಲ್ಲಿನ ಬ್ರೇಕುಗಳು ಕೆಲಸ ಮಾಡುತ್ತಿರಲಿಲ್ಲ.' ಮಾಯೆಸ್ತ್ರೊ, ಆ ಬ್ರೇಕ್ ಹಾಕಿದ್ದು ಯಾರು?"

"ನಾನೇ, ದೋನ್ಯಾ."

"ಯಾವಾಗ?"

"ಅದರ ಹಿಂದಿನ ವಾರ. ಎರಡು ವೈರೂ ಹೊಸದು, ನಾಲ್ಕು ರಬ್ಬರೂ ಹೊಸದು."

"ಹಾಗಾದ್ರೆ ನಡೀರಿ. ಪೊಲೀಸ್ ಕಚೇರಿಗೆ ಬಂದು ಅಷ್ಟೇ ಹೇಳಿ."

ನಾನು ತಲೆ ತಗ್ಗಿಸಿದೆ. ನನ್ನ ಅಂಗಡಿ ಅರ್ಧ ಪಾದಚಾರಿ ದಾರಿಯ ಮೇಲಿದೆ, ಪರವಾನಗಿ ಇಲ್ಲ. ಆ ಲಾರಿಗಳ ಮಾಲೀಕನೇ ನಗರಸಭೆಗೆ ಜಲ್ಲಿ ಹಾಕುವ ಗುತ್ತಿಗೆದಾರ. ಒಂದು ಮಾತು ಹೇಳಿದರೆ ಮಾರನೆಯ ದಿನ ನನ್ನ ತಗಡಿನ ಶೀಟು ಬೀದಿಯಲ್ಲಿರುತ್ತದೆ. ಇದನ್ನೇ ಸುತ್ತಿ ಬಳಸಿ ಹೇಳಿದೆ.

ಅಲ್ಲಿಯವರೆಗೂ ನೀವು ಎನ್ನುತ್ತಿದ್ದವಳು ನೀನು ಎಂದಳು. "ಬೈಯೋಣ ಅಂತಿದ್ದೆ ಬುಲ್ಮಾರೊ. ನಿಂಗೆ ಬೈಗುಳಾನೂ ದಂಡ. ಅವಳು ಸತ್ತಿದ್ದು ಅವಳದ್ದೇ ತಪ್ಪು ಅಂತ ಬರೆದಿದಾರೆ. ನಿನ್ನ ಕೈಕೆಲಸ ಕೆಟ್ಟದ್ದು ಅಂತಾನೂ ಬರೆದಿದಾರೆ. ಅದಕ್ಕಾದ್ರೂ ಮರ್ಯಾದೆ ಇಲ್ವಾ?"

ಹೊರಟುಹೋದಳು. ಅಂದಿನಿಂದ ತನ್ನ ಸೈಕಲ್ಲಿಗೆ ತಾನೇ ಗಾಳಿ ಹಾಕಿಕೊಳ್ಳತೊಡಗಿದಳು.

ಮುರಿದ ಸೈಕಲ್ಲನ್ನು ಪೊಲೀಸರು ಹಿಂದಿರುಗಿಸಿದರು. ಅವಳು ಅದಕ್ಕೆ ಹ್ಯಾಂಡಲ್ಲಿನಿಂದ ಪೆಡಲ್ಲಿನವರೆಗೆ ಬಿಳಿ ಬಣ್ಣ ಬಳಿದು, ಇಲ್ಲಿ ಸೈಕಲ್ಲಿನವಳೊಬ್ಬಳು ಸತ್ತಳು ಎಂಬ ಗುರುತಿಗೆ ಮೋರಿಯ ಪಕ್ಕದ ವಿದ್ಯುತ್ ಕಂಬಕ್ಕೆ ಸರಪಳಿ ಹಾಕಿ ಬಿಗಿದಳು. ಮೂರನೆಯ ದಿನ ನಗರಸಭೆಯವರು ಸರಪಳಿ ಕತ್ತರಿಸಿ ಒಯ್ದರು. ಊರಿನ ಅಂದ ಕೆಡುತ್ತದಂತೆ. ಹಾಗೆಂದವರ ಕಚೇರಿಯ ಹಿಂದೆ ಆರು ತಿಂಗಳಿನಿಂದ ಕಸದ ಗುಡ್ಡೆ ಬಿದ್ದಿತ್ತು. ಎರ್ಮಿನಿಯಾ ಗುಜರಿಯಿಂದ ಇನ್ನೊಂದು ಸೈಕಲ್ ತಂದು ಬಿಳಿ ಬಳಿದು ಕಟ್ಟಿದಳು. ಅದನ್ನೂ ಒಯ್ದರು. ಮೂರನೆಯದು ಕಟ್ಟಿ, ರಸ್ತೆ ವಿಭಾಗದ ಇಂಜಿನಿಯರ್ ಸಾಲ್ದಿವಾರ್ ಅವರ ಕಚೇರಿಗೆ ಹೋದಳು. ಸೈಕಲ್ಲಿಗೆ ಬೇರೆ ದಾರಿ ಮಾಡಿಕೊಡಿ, ಬೆಳಗಿನ ಹೊತ್ತು ಲಾರಿ ನಿಲ್ಲಿಸಿ, ಎರಡೇ ಕೇಳಿದ್ದು.

ಇಂಜಿನಿಯರ್ ಒಳ್ಳೆಯ ಮಾತಿನ ಮನುಷ್ಯ. "ದೋನ್ಯಾ, ನಿಮ್ಮ ದುಃಖ ನಂಗೆ ಅರ್ಥ ಆಗತ್ತೆ. ಆದ್ರೆ ಆ ರಸ್ತೇಲಿ ಸೈಕಲ್ ತುಳಿಯೋರು ಎಷ್ಟು ಜನ ಇದಾರೆ ಹೇಳಿ? ಅಂಕಿ ಅಂಶ ಇಲ್ಲದೆ ನಾನೇನು ಮಾಡ್ಲಿ?"

ಮಾರನೆಯ ಬೆಳಗ್ಗೆಯಿಂದ ಎರ್ಮಿನಿಯಾ ಊರಿನ ಕೊನೆಯಲ್ಲಿ ಕುರ್ಚಿ ಹಾಕಿ ಕೂತಳು. ಎಡಗಡೆ ಒಂದು ಚೀಲ ಮೆಕ್ಕೆಜೋಳ, ಬಲಗಡೆ ಖಾಲಿ ಬಕೆಟ್ಟು. ಒಂದು ಸೈಕಲ್ ಹೋದರೆ ಒಂದು ಕಾಳು ಬಕೆಟ್ಟಿಗೆ. ಐದೂವರೆಯಿಂದ ಎಂಟರವರೆಗೆ, ಆರು ದಿನ, ಆಮೇಲೆ ಕೆಲಸಕ್ಕೆ. ಒಂದೊಂದು ಬೆಳಗ್ಗೆಯೂ ಸಾವಿರದ ಮೇಲೆ. ಗಾರೆಯವರು ಹೋಗುತ್ತ, "ದೋನ್ಯಾ, ನಂದೊಂದು ಕಾಳು ಹಾಕ್ಬಿಡಿ, ದಪ್ಪಂದು!" ಎಂದು ಕೂಗುತ್ತಿದ್ದರು. ತಂಗಿ ಸತ್ತ ಮೇಲೆ ಅವಳ ಮುಖದಲ್ಲಿ ಚೂರು ನಗು ಕಂಡದ್ದು ಆ ದಿನಗಳಲ್ಲಿ.

ಬಕೆಟ್ಟನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಕಚೇರಿಗೆ ಹೋದಳು. ಇಂಜಿನಿಯರ್ ನೋಡಿ, "ಇದು ಅಧಿಕೃತ ಅಧ್ಯಯನ ಅಲ್ವಲ್ಲ ದೋನ್ಯಾ," ಎಂದರು. ಅವಳು ಬಕೆಟ್ಟನ್ನು ಅವರ ಮೇಜಿನ ಮೇಲೆ ಬೋರಲು ಹಾಕಿದಳು. ಕಾಳು ಕಂಪ್ಯೂಟರಿನ ಸಂದಿಗೆ, ಕಾಫಿ ಲೋಟಕ್ಕೆ, ಇಂಜಿನಿಯರರ ತೊಡೆಗೆ, ನೆಲಕ್ಕೆಲ್ಲ ಹರಿದವು.

"ಹಾಗಾದ್ರೆ ಅಧಿಕೃತವಾಗಿ ನೀವೇ ಎಣಿಸ್ಕೊಳ್ಳಿ. ಒಂದೊಂದೂ ಒಬ್ಬ ಮನುಷ್ಯ. ತುಳೀಬೇಡಿ ಮತ್ತೆ."

ಕಾವಲುಗಾರರು ಅವಳನ್ನು ಹೊರಗೆ ಕರೆತಂದರು. ಅವರಲ್ಲೊಬ್ಬ ಮೆಟ್ಟಿಲ ಬಳಿ, "ನಮ್ಮಮ್ಮನೂ ಅದೇ ರಸ್ತೇಲಿ ಹೋಗ್ತಾಳೆ ದೋನ್ಯಾ," ಎಂದು ಮೆಲ್ಲಗೆ ಹೇಳಿದನಂತೆ. "ಹಾಗಾದ್ರೆ ನನ್ ತೋಳು ಬಿಡು," ಎಂದಳಂತೆ ಇವಳು.

ಸೈಕಲ್ ದಾರಿಯ ಗೆರೆ ಎಳೆಯಲು ಬಣ್ಣಕ್ಕೆ ಹಣವಿಲ್ಲ ಎಂದು ನಗರಸಭೆ ಕಾಗದ ಕಳಿಸಿತು. ಒಂದು ಭಾನುವಾರ ಬೆಳಗ್ಗೆ, ಚರ್ಚಿನ ಪೂಜೆ ಮುಗಿದ ಮೇಲೆ, ಅರವತ್ತು ಜನ ಬಣ್ಣದ ಡಬ್ಬ, ಪೊರಕೆ, ದಾರ ಹಿಡಿದು ಜಲ್ಲಿ ರಸ್ತೆಗೆ ಇಳಿದರು. ಗಾರೆಯವರು ದಾರ ಹಿಡಿದರೆ ಗೆರೆ ಸೊಟ್ಟಗಾಗುವುದುಂಟೇ? ಸಂಜೆಯೊಳಗೆ ಎಂಟುನೂರು ಮೀಟರ್ ಹಳದಿ ಗೆರೆ, ಮಧ್ಯೆ ಮಧ್ಯೆ ಸೈಕಲ್ಲಿನ ಚಿತ್ರ. ತಮಾಲೆ ಎಂಬ ಜೋಳದ ಕಡುಬು ಮಾರುವವಳು ಉಳಿದ ತಮಾಲೆಗಳನ್ನೆಲ್ಲ ಅಲ್ಲೇ ಹಂಚಿದಳು. ನಾನು ದೂರದಿಂದ ನೋಡಿ ಮನೆಗೆ ಬಂದೆ.

ಸೋಮವಾರ ಮಧ್ಯಾಹ್ನದೊಳಗೆ ನಗರಸಭೆಯ ಡಾಂಬರು ಗಾಡಿ ಬಂದು ಆ ಎಂಟುನೂರು ಮೀಟರನ್ನೂ ಕಪ್ಪಗೆ ಬಳಿದು ಮುಚ್ಚಿಬಿಟ್ಟಿತು. ಆ ರಸ್ತೆಯ ಗುಂಡಿ ಮುಚ್ಚಲು ಎರಡು ವರ್ಷದಿಂದ ಡಾಂಬರು ಸಿಕ್ಕಿರಲಿಲ್ಲ. ನಮ್ಮ ಗೆರೆ ಅಳಿಸಲು ಒಂದೇ ಬೆಳಗ್ಗೆಗೆ ಸಿಕ್ಕಿತು. ಕೆಲಸದವರು ಗುಂಡಿಗಳನ್ನು ಹಾಗೇ ಬಿಟ್ಟು, ಗೆರೆಯ ಮೇಲೆ ಮಾತ್ರ ಅಚ್ಚುಕಟ್ಟಾಗಿ ಸುರಿದಿದ್ದರು.

ಆ ಸಂಜೆ ಎರ್ಮಿನಿಯಾಳ ಅಂಗಳದಲ್ಲಿ ಜನ ಸೇರಿದರು. ಯಾರೋ ಕಲ್ಲು ಹೊಡೆಯೋಣ ಎಂದರು, ಇನ್ಯಾರೋ ಲಾರಿಗೆ ಬೆಂಕಿ ಹಚ್ಚೋಣ ಎಂದರು.

"ಯಾರೂ ಏನೂ ಸುಡೋದು ಬೇಡ," ಎಂದಳು ಎರ್ಮಿನಿಯಾ. "ನಾಳೆ ಎಲ್ರೂ ಕೆಲಸಕ್ಕೆ ಹೋಗೋಣ. ಆದ್ರೆ ನಿಧಾನಕ್ಕೆ. ರಸ್ತೆ ತುಂಬ."

ಮಂಗಳವಾರ ಬೆಳಗ್ಗೆ ಸಾವಿರ ಸೈಕಲ್ಲುಗಳು ಈ ಅಂಚಿನಿಂದ ಆ ಅಂಚಿನವರೆಗೆ ಸಾಲಾಗಿ, ನಡಿಗೆಯ ವೇಗದಲ್ಲಿ ಹೊರಟವು. ಹಿಂದೆ ಲಾರಿಗಳು ಹಾರ್ನ್ ಬಾರಿಸಿ ಬಾರಿಸಿ ಸುಸ್ತಾದವು. ಒಂಬತ್ತು ಕಿಲೋಮೀಟರಿಗೆ ಎರಡೂವರೆ ಗಂಟೆ. ಲಾಸ್ ಫ್ರೆಸ್ನೊಸ್‌ನಲ್ಲಿ ತಿಂಡಿ ಮಾಡುವವರಿಲ್ಲ, ಮಗು ಎತ್ತಿಕೊಳ್ಳುವವರಿಲ್ಲ. ಹೊಸ ಮನೆಗಳ ಕಟ್ಟಡದಲ್ಲಿ ಸಿಮೆಂಟು ಕಲಸುವವರಿಲ್ಲ. ಎರ್ಮಿನಿಯಾಳ ಫೋನು ಹೊಡೆದುಕೊಂಡಿತು. ಅವಳು ಕೆಲಸ ಮಾಡುವ ಮನೆಯ ಒಡತಿ.

"ಎರ್ಮಿನಿಯಾ, ಎಲ್ಲಿ ಹಾಳಾಗ್ ಹೋದೆ? ಯಜಮಾನ್ರಿಗೆ ಒಂದು ಅಂಗೀನೂ ಇಲ್ಲ!"

"ರಸ್ತೇಲಿದೀನಿ ಸೆನ್ಯೋರಾ. ಬರ್ತಾ ಇದೀನಿ. ಸಾಯದ ಹಾಗೆ ಬರಬೇಕಂದ್ರೆ ಇಷ್ಟೊತ್ತು ಹಿಡಿಯತ್ತೆ."

ಸಾಲಿನ ಉದ್ದಕ್ಕೂ ಆ ಮಾತು ಬಾಯಿಂದ ಬಾಯಿಗೆ ಹೋಯಿತು. ಬುಧವಾರವೂ ಹಾಗೇ ಹೊರಟರು. ಪೊಲೀಸ್ ಅಧಿಕಾರಿ ಬಂದು ರಸ್ತೆ ತಡೆದಿದ್ದೀರಿ, ಒಳಗೆ ಹಾಕುತ್ತೇನೆ ಎಂದ. "ತಡೆದಿಲ್ಲ ಸಾಹೇಬ್ರೇ, ಚಲಿಸ್ತಾ ಇದೀವಿ. ಎಷ್ಟು ನಿಧಾನ ಹೋದ್ರೆ ಅಪರಾಧ ಅಂತ ಬರ್ಕೊಡಿ. ಎಷ್ಟು ಜೋರಾಗಿ ಹೋಗಿ ಕೊಂದ್ರೆ ಅಪರಾಧ ಅಂತಾನೂ ಅದರಲ್ಲೇ ಬರೀರಿ," ಎಂದಳು. ಅವನು ಬರೆಯಲಿಲ್ಲ.

ಗುರುವಾರ ನಾನು ಅಂಗಡಿ ಮುಚ್ಚಿದೆ. ಧೈರ್ಯ ಬಂತೆಂದಲ್ಲ. ಬುಧವಾರ ರಾತ್ರಿ ಊಟದ ಹೊತ್ತಿಗೆ ನನ್ನ ಹೆಂಡತಿ ತಟ್ಟೆ ಇಡುತ್ತ, "ಊರಿಗೆ ಊರೇ ಸೈಕಲ್ ಮೇಲಿದೆ, ಸೈಕಲ್ ಅಂಗಡಿಯವನು ಮನೇಲಿ," ಎಂದಿದ್ದಳು. ಪೊಲೀಸ್ ಕಚೇರಿಗೆ ಹೋಗಿ, ಬ್ರೇಕ್ ಹಾಕಿದ್ದು ನಾನು, ಇಂಥ ದಿನ ಹಾಕಿದೆ, ಚೆನ್ನಾಗಿ ಹಿಡಿಯುತ್ತಿತ್ತು ಎಂದು ಹೇಳಿ ಸಹಿ ಹಾಕಿದೆ. ನಕಲು ಪ್ರತಿ ತೆಗೆದುಕೊಂಡು ಸೈಕಲ್ಲಿನಲ್ಲೇ ಜಲ್ಲಿ ರಸ್ತೆಗೆ ಹೋಗಿ ಎರ್ಮಿನಿಯಾಳ ಕೈಗಿತ್ತೆ. ಅವಳು ಸೈಕಲ್ ನಿಲ್ಲಿಸದೆ, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದೇ ಅದನ್ನು ಓದಿದಳು.

"ಎರಡು ತಿಂಗಳು ತಡ," ಎಂದಳು.

"ಹೌದು."

"ನನ್ನ ಪಕ್ಕಕ್ಕೆ ಬಾ. ಹಿಂದಿನವರಿಗೆ ದಾರಿ ಬಿಡು."

ಕ್ಷಮಿಸಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಾರನೆಯ ವಾರ ನಾನು ಹೆದರಿದಂತೆಯೇ ನಗರಸಭೆಯವರು ಬಂದು ನನ್ನ ತಗಡು ಕಿತ್ತರು. ಗಾರೆಯವರು ಸೇರಿ ಮನೆಯ ಮುಂಗೋಣೆಯಲ್ಲಿ ನನಗೆ ಅಂಗಡಿ ಕಟ್ಟಿಕೊಟ್ಟರು.

ಶುಕ್ರವಾರ ನಾಲ್ಕನೆಯ ದಿನ. ಬಡಾವಣೆಯ ಯಜಮಾನರುಗಳು ನಗರಸಭೆಗೆ ಫೋನು ಮಾಡಿ ಮಾಡಿ ಸಾಕಾಗಿದ್ದರು. ಸತ್ತವಳಿಗಾಗಿ ಬಾಗದ ಕಚೇರಿ ಇಸ್ತ್ರಿಯಿಲ್ಲದ ಅಂಗಿಗೆ ಬಾಗಿತು. ಬೆಳಗ್ಗೆ ಐದೂವರೆಯಿಂದ ಎಂಟರವರೆಗೆ ಲಾರಿ ಬಂದ್. ಸೈಕಲ್ಲಿಗೆ ಸಿಮೆಂಟು ದಿಮ್ಮಿ ಇಟ್ಟು ಬೇರೆ ಮಾಡಿದ ದಾರಿ.

ದಾರಿ ಸಿದ್ಧವಾದ ಮೇಲೆ ಉದ್ಘಾಟನೆಗೆ ಇಂಜಿನಿಯರ್ ಸಾಲ್ದಿವಾರ್ ಹೊಸ ಹೆಲ್ಮೆಟ್ ಹಾಕಿಕೊಂಡು ಬಂದು, ಐವತ್ತು ಮೀಟರ್ ಸೈಕಲ್ ತುಳಿದು, ಫೋಟೊ ತೆಗೆಸಿಕೊಂಡರು. ಎರ್ಮಿನಿಯಾಳನ್ನು ಕರೆದು ಕತ್ತರಿ ಕೊಟ್ಟರು.

"ಈಗ ಸಂತೋಷಾನಾ ದೋನ್ಯಾ?"

"ರಸ್ತೆ ಒಂಬತ್ತು ಕಿಲೋಮೀಟರ್ ಇದೆ. ನೀವು ಮಾಡಿರೋದು ಮೂರು. ನನ್ನ ತಂಗಿ ಸತ್ತಿದ್ದು ಐದನೇದರಲ್ಲಿ." ಕತ್ತರಿಯನ್ನು ಅವರ ಕೈಗೇ ವಾಪಸು ಇಟ್ಟಳು. "ಪೊಲೀಸರು ವರದೀಲಿ ಬ್ರೇಕಿನ ಸಾಲು ಹೊಡೆದು ಹಾಕಿದಾರೆ. ಅಜಾಗರೂಕತೆ ಅನ್ನೋದು ಹಾಗೇ ಇದೆ. ಯಾರ ಅಜಾಗರೂಕತೆ ಅಂತ ಸರಿಯಾಗಿ ಬರೆದ ದಿನ ಕರೀರಿ, ಬರ್ತೀನಿ."

ಟೇಪು ಕತ್ತರಿಸಿದ್ದು ಇಂಜಿನಿಯರೇ.

ಚಾಲಕನಿಗೆ ಒಂದು ವರ್ಷ ಲೈಸೆನ್ಸು ಹೋಯಿತು, ಮಾಲೀಕನಿಗೆ ಏನೂ ಆಗಲಿಲ್ಲ. ಎರ್ಮಿನಿಯಾ ಮೂರು ಸಲ ಅರ್ಜಿ ಹಾಕಿದ್ದಾಳೆ, ನಾಲ್ಕನೆಯದು ಈಗ ರಾಜ್ಯದ ಕಚೇರಿಯಲ್ಲಿ ಕೂತಿದೆ. ಬದಲಾದದ್ದೇನೆಂದರೆ, ಸುತ್ತಲಿನ ಊರಿನವರು ಅವಳನ್ನು ಹುಡುಕಿಕೊಂಡು ಬರತೊಡಗಿದ್ದಾರೆ. ಕಳೆದ ಭಾನುವಾರ ಬೆಟ್ಟದಾಚೆಯಿಂದ ಒಬ್ಬ ಹೆಂಗಸು ಬಂದಿದ್ದಳು, ಬಸ್ಸಿಗೆ ಸಿಕ್ಕಿ ಗಂಡನನ್ನು ಕಳೆದುಕೊಂಡವಳು. ನಾನೂ ಅಲ್ಲಿದ್ದೆ. ಅವಳು ಪೊಲೀಸರು ಕೊಟ್ಟ ಮಡಚಿದ ಕಾಗದ ಬಿಚ್ಚುವ ಮೊದಲೇ ಅತ್ತುಬಿಟ್ಟಳು. ಎರ್ಮಿನಿಯಾ ಕನ್ನಡಕ ಹಾಕಿ ಕಾಗದ ಓದಿದಳು. ಕತ್ತಿನ ನರ ಉಬ್ಬಿತು. ಒಲೆಯ ಮೇಲಿದ್ದ ಹುರುಳಿಕಾಳಿನ ಪಾತ್ರೆ ಇಳಿಸಿ, ಬಿಸಿ ತೋರ್ತಿಯಾ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಅವಳ ಮುಂದಿಟ್ಟಳು.

"ಮೊದಲು ಊಟ ಮಾಡು ತಾಯಿ. ಹೊಟ್ಟೇಲಿ ಏನೂ ಇಲ್ದೆ ಇವರ ಜೊತೆ ಜಗಳ ಆಡೋಕಾಗಲ್ಲ."