ಬ್ಯಾಟರಿಯದೇನೂ ತಪ್ಪಿಲ್ಲ

ಹೋದ ಸೋಮವಾರ ಬೆಳಿಗ್ಗೆ ನಮ್ಮ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ನಿಮಗೆ ಇದು ಸುದ್ದಿ ಅಲ್ಲದಿರಬಹುದು. ಸೊರಬದಲ್ಲಿ, ಅದರಲ್ಲೂ ನಮ್ಮ ಬೀದಿಯಲ್ಲಿ, ಇದು ದೊಡ್ಡ ಸುದ್ದಿ. ಎದುರು ಮನೆಯ ಹಿಟ್ಟಿನ ಗಿರಣಿ ಮಂಜಪ್ಪ ಎಂದಿನಂತೆ ಪಂಚೆ ಎತ್ತಿ ಕಟ್ಟಿ, ಅಂಗೈ ಉಜ್ಜಿಕೊಂಡು ತಳ್ಳಲು ಬಂದು ನಿಂತಿದ್ದ. ಕಾರು ಭರ್ರೆಂದು ಅವನ ಮುಂದೆಯೇ ಹೊರಟುಹೋಯಿತು. ಅವನ ಮುಖ ನೋಡಬೇಕಿತ್ತು ನೀವು.

"ಎಂಥ ಅಕ್ಕಾ ಇದು? ಮೊದಲೇ ಹೇಳಬಾರದಾ? ಇದಕ್ಕೇ ಅಂತ ಎರಡು ರೊಟ್ಟಿ ಜಾಸ್ತಿ ತಿಂದು ಬಂದಿದ್ದೆ!"

ಅವನ ಬೇಜಾರು ಸುಳ್ಳಲ್ಲ. ನಮ್ಮ ಕಾರು ಯುದ್ಧಕ್ಕೆ ಮುಂಚಿನದು. ಯಜಮಾನರದು ಜವಳಿ ಅಂಗಡಿ. ಅಂಗಡಿಗೆ ಒಂದು ಗತ್ತು ಬರಲಿ ಅಂತ ಕೊಂಡರು. ಗತ್ತು ಬಂತು. ಬ್ಯಾಟರಿ ಬರಲಿಲ್ಲ. ರಿಪೇರಿ ಮಾಡಿಸಿದ ಹಳೇ ಬ್ಯಾಟರಿಯಲ್ಲೇ ಸಂಸಾರ. ಮೈಸೂರು ರಾಜ್ಯವೇ ಒಂದಾಯಿತು, ನಮ್ಮ ಬ್ಯಾಟರಿಯೂ ಇಂಜಿನ್ನೂ ಮಾತ್ರ ಒಂದಾಗಲಿಲ್ಲ!

ಇಂಥ ಕಾರು ಇದ್ದವರ ಬದುಕು ನಿಮಗೆ ಗೊತ್ತಾ? ನಾವು ನೆಂಟರನ್ನು ನೋಡಿ ನೆಂಟರ ಮನೆಗೆ ಹೋಗುವುದಿಲ್ಲ. ಮನೆ ಮುಂದೆ ಇಳಿಜಾರು ಇದೆಯಾ ಅಂತ ನೋಡಿ ಹೋಗುತ್ತೇವೆ. ಕುಬಟೂರಿನ ನನ್ನ ತಂಗಿ ಮನೆ ಮುಂದೆ ನೆಲ ಹಲಗೆಯ ಹಾಗೆ ಸಮ. "ಅಕ್ಕ ದೊಡ್ಡವಳಾದಳು, ನಮ್ಮನ್ನ ಮರೆತಳು" ಅಂತ ಅವಳು ಊರೆಲ್ಲ ಹೇಳುತ್ತಾಳೆ. ಮರೆತಿಲ್ಲ ಕಣೇ, ಇಳಿಜಾರಿಲ್ಲ!

ಹಾಗಿದ್ದ ನಮ್ಮ ಮನೆಗೆ ಈಗ ವಿಲಾಯತಿ ಬ್ಯಾಟರಿ ಬಂದು ಕೂತಿದೆ. (ಹೆಸರು ಹೇಳುವುದಿಲ್ಲ. ಹೊಗಳಿದರೆ ಕಮಿಷನ್ ತಿಂದಳು ಅನ್ನುತ್ತೀರಿ.) ಅದೂ ಎಂಥ ಬ್ಯಾಟರಿ? ಶಿಕಾರಿಪುರದಿಂದ ಸೊರಬದವರೆಗೆ ಕಾರಿದ್ದವರೆಲ್ಲ ಸೇರಿ ಉಗಿದು ಉಪ್ಪಿನಕಾಯಿ ಹಾಕಿದ್ದ ಬ್ಯಾಟರಿ.

ಆ ಕತೆ ಶುರುವಾದದ್ದು ನಮ್ಮ ಮನೆ ಬಾಗಿಲಲ್ಲೇ. ನನ್ನ ದೊಡ್ಡ ಮಗಳು ಸುಮಿತ್ರೆಯನ್ನು ನೋಡಲು ಗಂಡಿನ ಕಡೆಯವರು ಬಂದ ಭಾನುವಾರ.

ಸುಮಿತ್ರೆಗೆ ಬಾಯಿ ಜಾಸ್ತಿ. (ಯಾರ ಹಾಗೆ ಅಂತ ಕೇಳಬೇಡಿ.) ಅದಕ್ಕೆ ಮುಂಚೆ ಬಂದ ಸಂಬಂಧದಲ್ಲಿ ಹುಡುಗನ ಸೋದರಮಾವ "ಅಡಿಗೆ ಬರುತ್ತೇನಮ್ಮಾ?" ಅಂದರು. ಇವಳು "ನನಗೆ ಬರುತ್ತೆ. ಅವರಿಗೆ?" ಅಂತ ಹುಡುಗನ ಕಡೆ ನೋಡಿದಳು. ಮುಗಿಯಿತು. "ಊರಿಗೆ ಹೋಗಿ ಕಾಗದ ಹಾಕ್ತೀವಿ" ಅಂದು ಎದ್ದರು. ಹೆಣ್ಣು ಹೆತ್ತವರಿಗೆ ಆ ಮಾತಿನ ಅರ್ಥ ಗೊತ್ತು. ಆ ಕಾಗದ ಯಾವ ಪೋಸ್ಟಾಫೀಸಿನಲ್ಲೂ ಇರುವುದಿಲ್ಲ.

ಹಾಗಾಗಿ ಈ ಸಲ ನಾನು ಬೆಳಿಗ್ಗೆಯೇ ಹೇಳಿದ್ದೆ. "ಸುಮಿ, ಇವತ್ತೊಂದು ದಿನ ಬಾಯಿ ಬಿಡಬೇಡ. ನಿನ್ನ ಕಾಲು ಹಿಡಿತೀನಿ."

ಬಂದವರು ಶಿಕಾರಿಪುರದ ವೀರಭದ್ರಪ್ಪನವರು, ರೈಸ್ ಮಿಲ್ಲಿನವರು. ಜೊತೆಗೆ ಹೆಂಡತಿ ಗಿರಿಜಮ್ಮ, ಮಗ ಶಿವಾನಂದ. ಕಾರು ಓಡಿಸಿಕೊಂಡು ಬಂದವನು ಶಿವಾನಂದನೇ. ಮನೆ ಮುಂದಿನ ಸಮ ನೆಲದಲ್ಲಿ ಕಾರು ನಿಲ್ಲಿಸಿದ. ನಮ್ಮ ಯಜಮಾನರು ಅಭ್ಯಾಸಬಲದಿಂದ "ಸ್ವಲ್ಪ ಮೇಲೆ, ದಿಬ್ಬದ ಮೇಲೆ ನಿಲ್ಲಿಸಿಬಿಡಿ" ಅಂದರು.

ವೀರಭದ್ರಪ್ಪನವರು ಗಹಗಹಿಸಿ ನಕ್ಕರು. "ದಿಬ್ಬ ಯಾಕ್ರೀ? ವಿಲಾಯತಿ ಬ್ಯಾಟರಿ ಐತಿ ಒಳಗ! ಗುಂಡಿ ಒತ್ತಿದ್ರ ಸಾಕು. ಇಂಜಿನ್ ತಿರುಗಿಸೋ ಹ್ಯಾಂಡಲ್ ಸೈತ ತಂದಿಲ್ಲ ನಾನು. ಅದು ಈಗ ಮಿಲ್ಲಿನ ಬಾಗಿಲಿಗೆ ಅಗಳಿ ಆಗೇತಿ!"

ಉಪ್ಪಿಟ್ಟು ತಿನ್ನುತ್ತಾ ಬ್ಯಾಟರಿ. ಕೇಸರಿಬಾತ್ ತಿನ್ನುತ್ತಾ ಬ್ಯಾಟರಿ. ಹೆಣ್ಣು ನೋಡಲು ಬಂದವರೋ, ಬ್ಯಾಟರಿ ತೋರಿಸಲು ಬಂದವರೋ ನನಗೆ ತಿಳಿಯಲಿಲ್ಲ. ಸುಮಿತ್ರೆ ಮಾತ್ರ ಗೋಡೆಯ ಹಾಗೆ ಕೂತಿದ್ದಳು. ಹೆಸರು ಕೇಳಿದರೆ ನಾನು ಹೇಳಿದೆ. ಎಷ್ಟು ಓದಿದ್ದಾಳೆ ಅಂದರೆ ಯಜಮಾನರು ಹೇಳಿದರು. ಹುಡುಗ "ರೇಡಿಯೇಟರಿಗೆ ನೀರು ಹಾಕ್ತೀನಿ" ಅಂತ ಕೇಸರಿಬಾತ್ ಅರ್ಧಕ್ಕೇ ಬಿಟ್ಟು ಎದ್ದುಹೋಗಿ ಬಂದ. ನನಗೆ ಒಳಗೊಳಗೇ ಖುಷಿ. ಆಹಾ, ಎಷ್ಟು ಚೆನ್ನಾಗಿ ಸುಮ್ಮನಿದ್ದಾಳೆ!

ಅಡಿಗೆಮನೆಗೆ ಬಂದವಳು ನನ್ನ ಕಿವಿಯಲ್ಲಿ ಕೇಳಿದಳು. "ಅಮ್ಮಾ, ಇನ್ನೊಂದು ಲೋಟ ಕಾಫಿ ಕೊಟ್ಟು ಬರ್ಲಾ?"

"ಯಾರಿಗೇ? ಎಲ್ಲರದ್ದೂ ಆಯ್ತಲ್ಲ."

ಮಗಳು ಕತ್ತು ತಗ್ಗಿಸಿದಳು. ನನ್ನ ಮಗಳು ಕತ್ತು ತಗ್ಗಿಸಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ನನಗೆ ಗೊತ್ತಾಯಿತು. ಹುಡುಗ ಹಿಡಿಸಿದ್ದಾನೆ.

ಅಷ್ಟರಲ್ಲಿ ಹೊರಗೆ ವೀರಭದ್ರಪ್ಪನವರ ದನಿ. ಪಿಸುಮಾತು ಅಂತ ಅವರು ಅಂದುಕೊಂಡಿದ್ದರು; ನಮಗೆ ಒಲೆ ಹತ್ತಿರಕ್ಕೂ ಕೇಳಿಸಿತು. "ಹುಡುಗಿ ಬಾಳ ಸಪ್ಪಗ ಐತಲ್ಲೋ. ಮೂಕಿ ಏನೋ ಅಂತೀನಿ." ಆಮೇಲೆ ಗಟ್ಟಿಯಾಗಿ, "ನಾಲ್ಕೂವರೆಗೆ ರಾಹುಕಾಲ ಬರ್ತೈತಿ, ಹೊರಡ್ತೀವ್ರೀ. ಊರಿಗೆ ಹೋಗಿ ಕಾಗದ ಹಾಕ್ತೀವಿ."

ಮತ್ತೆ ಅದೇ ಕಾಗದ! ಮಾತಾಡಿದರೆ ಬಾಯಿ ಜಾಸ್ತಿ, ಸುಮ್ಮನಿದ್ದರೆ ಮೂಕಿ. ಇವರಿಗೆಲ್ಲ ಹುಡುಗಿ ಬೇಕೋ ರೇಡಿಯೋ ಬೇಕೋ? ಬೇಕಾದಾಗ ಕಿವಿ ತಿರುಗಿಸೋಕೆ?

ಸುಮಿತ್ರೆಯ ಕಣ್ಣು ತುಂಬಿತ್ತು. ನಾನು ಹೇಳಿದ ಹಾಗೆ ಕೇಳಿದ್ದಕ್ಕೆ ಅವಳಿಗೆ ಸಿಕ್ಕ ಬಹುಮಾನ!

ಎಲ್ಲರೂ ಕಾರು ಹತ್ತಿದರು. ಶಿವಾನಂದ ಗುಂಡಿ ಒತ್ತಿದ. ಉಸಿರಿಲ್ಲ. ಮತ್ತೆ ಒತ್ತಿದ. ಟಿಕ್ ಅನ್ನಲೂ ಇಲ್ಲ. ವಿಲಾಯತಿ ಬ್ಯಾಟರಿ ವಿಲಾಯತಿಗೆ ಹೋಗಿಬಿಟ್ಟಿತ್ತು.

ವೀರಭದ್ರಪ್ಪನವರ ಮುಖ ಹುಣಸೆಹಣ್ಣಾಯಿತು. ಮಂಜಪ್ಪನ ಮುಖದಲ್ಲಿ ಮಾತ್ರ ದೀಪಾವಳಿ. ತಳ್ಳೋದರಲ್ಲಿ ಅವನನ್ನು ಬಿಟ್ಟರಿಲ್ಲ ನೋಡಿ! ಬೀದಿಯ ಗಂಡಸರನ್ನೆಲ್ಲ ಕೂಗಿ ಸೇರಿಸಿದ. ಗಿರಿಜಮ್ಮ ಮಂಡಿನೋವು ಅಂತ ಇಳಿಯಲೇ ಇಲ್ಲ. ಮಡಿಲಲ್ಲಿ ತಾಂಬೂಲ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಪಲ್ಲಕ್ಕಿಯಲ್ಲಿ ಕೂತ ಹಾಗೆ ಕೂತಿದ್ದರು.

ತಳ್ಳಿದರು. ಕಾರು ಗಕ್ಕನೆ ನಿಂತಿತು. ತಳ್ಳಿದರು. ಗಕ್ಕನೆ ನಿಂತಿತು.

ನಾನೂ ಸುಮಿತ್ರೆಯೂ ಕಿಟಕಿಯಲ್ಲಿ. ಅವಳ ಕೈ ಕಿಟಕಿ ಸರಳನ್ನು ಹಿಂಡುತ್ತಿತ್ತು. "ಅಮ್ಮಾ, ಫಸ್ಟ್ ಗೇರಲ್ಲಿ ತಳ್ಳಿಸ್ತಿದಾರೆ."

"ಬಾಯಿ ಮುಚ್ಚು."

"ಅಮ್ಮಾ, ಎಲ್ಲರೂ ಒಂದೇ ಕಡೆ ನಿಂತಿದಾರೆ."

"ಸುಮೀ..."

ನನ್ನ ಮಾತು ಮುಗಿಯುವುದರೊಳಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗೆ ಇಳಿದೇಬಿಟ್ಟಳು. ಆಮೇಲೆ ನಮ್ಮ ಬೀದಿಯಲ್ಲಿ ಕೇಳಿಸಿದ್ದು ಒಂದೇ ದನಿ.

"ರೀ, ಸೆಕೆಂಡ್ ಗೇರಿಗೆ ಹಾಕ್ರೀ! ಕ್ಲಚ್ ಒತ್ತಿಹಿಡೀರಿ! ಮಂಜಪ್ಪಣ್ಣಾ, ಮಡ್‌ಗಾರ್ಡ್ ತಳ್ಳಬೇಡ, ಬಗ್ಗುತ್ತೆ! ಈ ಕಡೆ ಇಬ್ಬರು ಬನ್ನಿ! ಅಪ್ಪಾ, ನೀವು ಸುಮ್ನೆ ಕೈ ಇಟ್ಟು ನಡೀಬೇಡಿ, ತಳ್ಳಿ! ರೀ, ಈಗ ಬಿಡಿ ಕ್ಲಚ್ಚು! ಬಿಡೀ!"

ಇಷ್ಟು ವರ್ಷ ನಮ್ಮ ಕಾರು ತಳ್ಳಿದವಳಲ್ಲವೇ? ನಾನು ಕಿಟಕಿಯಲ್ಲೇ ತಲೆ ಚಚ್ಚಿಕೊಂಡೆ. ಇದ್ದ ಒಂದು ಆಸೆಯೂ ಹೋಯಿತು ಅಂತ.

ಕಾರು ಮಾತ್ರ ಸ್ಟಾರ್ಟ್ ಆಗಲಿಲ್ಲ. ಬೀದಿಯ ತುದಿಯ ಕೆರೆ ಏರಿಯ ತನಕ ತಳ್ಳಿ ಎಲ್ಲರೂ ಸುಸ್ತಾಗಿ ಕೂತರು. ಶಿವಾನಂದ ಬಾನೆಟ್ ಎತ್ತಿ ನೋಡಿದ. ಸುಮಿತ್ರೆಯೂ ಬಗ್ಗಿ ನೋಡಿದಳು. ಏನೂ ಉಪಯೋಗವಾಗಲಿಲ್ಲ. ಅಷ್ಟರಲ್ಲಿ ನಾಲ್ಕೂವರೆ ಆಗಿಹೋಯಿತು. ರಾಹುಕಾಲದಲ್ಲಿ ಪ್ರಯಾಣವುಂಟೇ? ಕಾರನ್ನು ಅಲ್ಲೇ ಬಿಟ್ಟು, ಗಿರಿಜಮ್ಮನವರನ್ನು ಕೈಹಿಡಿದು ಇಳಿಸಿಕೊಂಡು, ಎಲ್ಲರೂ ಮನೆಗೆ ವಾಪಸ್.

ಮತ್ತೆ ಕಾಫಿ. ಈ ಸಲ ಸುಮಿತ್ರೆ ಕೈಯೆಲ್ಲ ಗ್ರೀಸ್, ಹಣೆಯ ಕುಂಕುಮ ಕೆನ್ನೆಗೆ ಇಳಿದಿತ್ತು. ಮುಚ್ಚುವುದಕ್ಕೆ ಇನ್ನೇನೂ ಉಳಿದಿರಲಿಲ್ಲವಾದ್ದರಿಂದ ಬಾಯಿ ತೆರೆದೇ ಇತ್ತು. ವೀರಭದ್ರಪ್ಪನವರಿಗೇ ಹೇಳಿದಳು. "ಹ್ಯಾಂಡಲ್ ಯಾಕೆ ಬಿಟ್ಟು ಬಂದ್ರಿ? ಛತ್ರಿ ಚೆನ್ನಾಗಿದೆ ಅಂತ ಯಾರಾದ್ರೂ ಮನೆ ಹೆಂಚು ತೆಗೀತಾರಾ?"

ನಾನು ಕಣ್ಣು ಮುಚ್ಚಿದೆ. ಆಮೇಲೆ ಆ ಮನುಷ್ಯ ನಕ್ಕರು ನೋಡಿ! ಮೀಸೆಯೆಲ್ಲ ಕಾಫಿ ಮಾಡಿಕೊಂಡು ನಕ್ಕರು. ಆಮೇಲೆ ಮಿಲ್ಲಿನ ಮಾತು, ಭತ್ತದ ಮಾತು, ಇವಳದು ಒಂದು, ಅವರದು ಒಂದು. ನಡುನಡುವೆ ಗಡಿಯಾರ ನೋಡುತ್ತಿದ್ದರು. ಆರು ಹೊಡೆದದ್ದೇ ತಡ, ಮಂಡಿ ತಟ್ಟಿ ಎದ್ದರು.

"ರಾಹುಕಾಲ ಮುಗೀಲಿ ಅಂತ ಕುಂತಿದ್ದೆ. ಈಗ ಹೇಳ್ತೀನಿ ಕೇಳ್ರಿ. ಕಾಗದ ಗೀಗದ ಏನಿಲ್ಲ. ನಮ್ಮ ಮಿಲ್ಲಿನ ಸದ್ದಿನಾಗ ಕೇಳಿಸೋವಂಥ ದನಿ ಬೇಕಾಗಿತ್ತು. ಸಿಕ್ತು. ತಾಂಬೂಲ ತರ್ರಿ!"

ಆಮೇಲೆ ಕೆರೆ ಏರಿಗೆ ಹೋಗಿ ಶಿವಾನಂದ ಬಾನೆಟ್ಟಿನೊಳಗೆ ಒಂದು ಸಲ ಕೈ ಆಡಿಸಿ ಗುಂಡಿ ಒತ್ತಿದ. ಕಾರು ಒಂದೇ ಸಲಕ್ಕೆ ಹೊರಟಿತು. "ನೋಡಿದಿರಾ, ಬ್ಯಾಟರಿಗೂ ರಾಹುಕಾಲ ಹಿಡಿದಿತ್ತು" ಅಂದರು ಗಿರಿಜಮ್ಮ.

ಶುಭಕಾರ್ಯ ಆಯಿತು. ಬ್ಯಾಟರಿಯ ಮರ್ಯಾದೆ ಹೋಯಿತು.

ವೀರಭದ್ರಪ್ಪನವರು ಹೊಗಳಿದಷ್ಟೇ ಜೋರಾಗಿ ಬೈಯಲು ಶುರುಮಾಡಿದರು. ಶಿರಾಳಕೊಪ್ಪದ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕಂಡಕಂಡವರ ಮುಂದೆ. ಆಮೇಲೆ ನಡೆದದ್ದು ತಮಾಷೆ. ಅದೇ ಬ್ಯಾಟರಿ ಇಟ್ಟುಕೊಂಡು ವರ್ಷಗಟ್ಟಲೆ ಸುಖವಾಗಿದ್ದವರಿಗೆಲ್ಲ ಹಳೇ ನೋವು ನೆನಪಾದವು! "ನಂದೂ ಒಂದಿನ ಕೆಮ್ಮಿತ್ತು ಕಣ್ರೀ" ಅಂದರು ಶಿರಾಳಕೊಪ್ಪದ ಡಾಕ್ಟರು. ಕುಬಟೂರಿನ ಸಾಹುಕಾರರೊಬ್ಬರು ಒಂದು ದಿನವೂ ಕೈಕೊಡದ ಕಾರನ್ನು ದಿಬ್ಬದ ಮೇಲೆ ನಿಲ್ಲಿಸತೊಡಗಿದರು. ಕಾರೇ ಇಲ್ಲದ ನಮ್ಮ ಮಂಜಪ್ಪ ಕೂಡ "ಆ ಬ್ಯಾಟರಿ ತಗೋಬೇಡಿ, ನನ್ನ ಅನುಭವ" ಅಂತ ಸಲಹೆ ಕೊಡುತ್ತಿದ್ದ. (ಅವನ ಅನುಭವ ತಳ್ಳಿದ್ದು!) ನಮ್ಮ ಜನ ಹೀಗೆಯೇ. ಒಬ್ಬರಿಗೆ ಹಲ್ಲುನೋವು ಅಂದರೆ ಬೀದಿಯೆಲ್ಲ ದವಡೆ ಒತ್ತಿ ನೋಡಿಕೊಳ್ಳುತ್ತದೆ.

ವೀರಭದ್ರಪ್ಪನವರು ಬ್ಯಾಟರಿ ಕೊಂಡಿದ್ದ ಶಿವಮೊಗ್ಗದ ಅಂಗಡಿಗೂ ಹೋಗಿ ಕೂಗಾಡಿದರು. ಅಂಗಡಿಯವನು ಪರೀಕ್ಷೆ ಮಾಡಿ "ಏನೂ ಕೆಟ್ಟಿಲ್ಲ ಸ್ವಾಮೀ" ಅಂದನಂತೆ. ಬೀಗರ ಗಂಟಲಿನ ಮುಂದೆ ಯಾರ ಪರೀಕ್ಷೆ ನಿಲ್ಲುತ್ತದೆ? ಹೊಸದು ಕೊಟ್ಟು ಕಳಿಸಿದ. ಹಳೆಯದು ಮೂಲೆ ಸೇರಿತು.

ಮದುವೆಯೂ ಆಗಿ, ಹೋದ ವಾರ ಮಗಳು-ಅಳಿಯ ಮನೆಗೆ ಬಂದಿದ್ದರು. ಅವರು ಬಂದ ಭಾನುವಾರವೇ ನಮ್ಮ ಯಜಮಾನರು ಜವಳಿ ತರಲು ಶಿವಮೊಗ್ಗಕ್ಕೆ ಹೋದವರು ಕಾರಿನ ಡಿಕ್ಕಿಯಲ್ಲಿ ಏನೋ ಇಟ್ಟುಕೊಂಡು ಬಂದರು. ನೋಡಿದರೆ ಅದೇ ಬ್ಯಾಟರಿ! ಯಾರೂ ಮೂಸದೆ ಬಿದ್ದಿತ್ತಂತೆ, ಅಂಗಡಿಯವನು ಚಾರ್ಜ್ ಮಾಡಿಸಿ ಅಗ್ಗಕ್ಕೆ ಕೊಟ್ಟನಂತೆ. ನಾನು ಹಾರಾಡಿದೆ. "ಬೀಗರು ಬಿಸಾಕಿದ್ದನ್ನ ಮನೆಗೆ ತರ್ತೀರಾ? ಊರಲ್ಲಿ ತಲೆ ಎತ್ತೋದು ಹ್ಯಾಗೆ?"

ಸೋಮವಾರ ಬೆಳಿಗ್ಗೆ ಅದನ್ನು ಕೂರಿಸಿದ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆದದ್ದು ಆಗಲೇ ಹೇಳಿದೆನಲ್ಲ. ಮಂಜಪ್ಪ ಪೆಚ್ಚಾಗಿ ನಿಂತಿದ್ದ. ನಾನೂ ಪೆಚ್ಚು. ಸುಮಿತ್ರೆ ಮಾತ್ರ ಜಗುಲಿಯ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಳಿಯ ಮೆಲ್ಲಗೆ ಎದ್ದು ಹಿತ್ತಲಿಗೆ ಹೋದ.

"ಏನೇ ಅದು?" ಅಂದೆ.

ಆಗ ಹೊರಬಿತ್ತು. ಹೆಣ್ಣು ನೋಡಲು ಬಂದ ಆ ಭಾನುವಾರ "ರೇಡಿಯೇಟರಿಗೆ ನೀರು ಹಾಕ್ತೀನಿ" ಅಂತ ಕೇಸರಿಬಾತ್ ಬಿಟ್ಟು ಎದ್ದು ಹೋಗಿದ್ದನಲ್ಲ ಶಿವಾನಂದ? ಹೋದವನು ಬ್ಯಾಟರಿಯ ತಂತಿ ಬಿಚ್ಚಿಟ್ಟು ಬಂದಿದ್ದ. ಅದನ್ನು ಸುಮಿತ್ರೆ ಕೆರೆ ಏರಿಯ ಮೇಲೆ, ಬಾನೆಟ್ ಎತ್ತಿದಾಗಲೇ ಕಂಡಿದ್ದಳು.

"ತಂತಿ ಬಿಚ್ಚಿಕೊಂಡಿದೆ" ಅಂದಳಂತೆ.

"ಮೆಲ್ಲಕ ಮಾತಾಡ್ರಿ. ನಾನೇ ಬಿಚ್ಚಿದ್ದು."

"ಯಾಕೆ?"

"ಅಷ್ಟೊತ್ತು ಕುಂತ್ರೂ ನಿಮ್ಮ ದನಿ ಕೇಳ್ಲಿಲ್ಲ. ನಾನು ಹಿಡಿಸಿದ್ನೋ ಇಲ್ಲೋ ಹೆಂಗ ತಿಳೀಬೇಕು?"

"ಈಗ ಕೇಳ್ತಾ?"

"ನನಗಷ್ಟೇ ಅಲ್ಲ, ಸೊರಬಕ್ಕೆಲ್ಲ ಕೇಳ್ತು. ಜೋಡಿಸ್ಲೇನು ತಂತಿ?"

ಅದಕ್ಕೆ ನನ್ನ ಮಗಳು, ನಾನು ಬಾಯಿ ಮುಚ್ಚಿಕೊಂಡಿರು ಅಂತ ಬೇಡಿಕೊಂಡಿದ್ದ ನನ್ನ ಮಗಳು, ಅಂದಳಂತೆ: "ಈಗಲೇ ಬೇಡ. ನಾಲ್ಕೂವರೆ ಆಗ್ಲಿ."

ಕೇಳಿ ನಾನೂ ಜಗುಲಿಯ ಮೇಲೆ ಕೂತೆ. ಎಷ್ಟು ನಕ್ಕೆನೆಂದರೆ ಹಿತ್ತಲಿನಿಂದ ಅಳಿಯ ಇಣುಕಿ ನೋಡಿದ. ಎಷ್ಟೊಂದು ಮಂದಿ ಆ ಬ್ಯಾಟರಿಗೆ ಶಾಪ ಹಾಕಿದರು! ಅದು ಇದ್ದದ್ದರಲ್ಲೇ ನಿಯತ್ತಿನ ಪ್ರಾಣಿ. ಬೀಗರೇ, ಈ ಅಂಕಣ ನೀವು ಓದುತ್ತೀರಿ ಅಂತ ಗೊತ್ತು. ಕೋಪ ಮಾಡಿಕೊಳ್ಳಬೇಡಿ. ಶಿವಮೊಗ್ಗಕ್ಕೆ ಹೋದಾಗ ಆ ಅಂಗಡಿಯವನಿಗೆ ಎರಡು ಒಳ್ಳೆ ಮಾತು ಹೇಳಿ ಬನ್ನಿ. ಬರುವಾಗ ಮಿಲ್ಲಿನ ಬಾಗಿಲಿಗೆ ಬೇರೆ ಅಗಳಿಯನ್ನೂ ತನ್ನಿ.

ನನ್ನ ತಲೆನೋವು ಈಗ ಬೇರೆ. ಬರುವ ಭಾನುವಾರ ಎರಡನೇ ಮಗಳು ನಾಗರತ್ನಳನ್ನು ನೋಡಲು ಶಿರಾಳಕೊಪ್ಪದವರು ಬರುತ್ತಿದ್ದಾರೆ. ಬಸ್ಸಿನಲ್ಲಿ ಬರುತ್ತಾರಂತೆ.

ಬಸ್ಸಿನ ಬ್ಯಾಟರಿ ಎಲ್ಲಿರುತ್ತದೆ, ನಿಮ್ಮಲ್ಲಿ ಯಾರಿಗಾದರೂ ಗೊತ್ತಾ?