ಬಾಖ್, ಹ್ಯಾಂಡೆಲ್ ಮತ್ತು ಸಣ್ಣಮ್ಮನ ಕೈಬರಹ

ಸಣ್ಣಮ್ಮ ಓದಿದ್ದು ನಾಲ್ಕನೇ ಕ್ಲಾಸಿನ ತನಕ, ಮದ್ದೂರಿನ ಹತ್ತಿರದ ಒಂದು ಶಾಲೆಯಲ್ಲಿ. ಅಲ್ಲಿ ಕಲಿತದ್ದರಲ್ಲಿ ಉಳಿದದ್ದು ಒಂದೇ, ದಪ್ಪಗೆ ದುಂಡಗೆ ಬರೆಯುವ ಅಕ್ಷರ. ಮದುವೆಯಾಗಿ ಮದರಾಸಿಗೆ ಬಂದ ಮೇಲೆ ಎಷ್ಟೋ ವರ್ಷ ಆ ಅಕ್ಷರಕ್ಕೆ ಒಂದು ಸಹಿ ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಕೆಲಸ ಬಂದದ್ದು ಗಂಡನ ಕಣ್ಣು ಹೋದಾಗ.

ಗಂಡ ತಮ್ಮಯ್ಯ ಪ್ಯಾರೀಸ್ ಕಾರ್ನರ್‌ನ ವಿಮಾ ಕಚೇರಿಯಲ್ಲಿ ಗುಮಾಸ್ತ. ಊಟದ ಬಿಡುವಿನಲ್ಲಿ ಫುಟ್‌ಪಾತಿನ ಹಳೇ ಕ್ಯಾಸೆಟ್ ಕೆದಕುವುದು ಅವನ ಚಾಳಿ. ಒಂದು ದಿನ ಬಾಖ್ ಸಿಕ್ಕಿದ, ಇನ್ನೊಂದು ದಿನ ಹ್ಯಾಂಡೆಲ್. ಮುನ್ನೂರು ವರ್ಷದ ಹಿಂದಿನ ಜರ್ಮನಿಯ ಸಂಗೀತಗಾರರು. ಅಪ್ಪ, ಅಮ್ಮ, ಮಗಳು ನವ್ಯಾ ಇದ್ದ ಮೈಲಾಪೂರದ ಎರಡು ಕೋಣೆಯ ಮನೆಯಲ್ಲಿ ಅವತ್ತಿನಿಂದ ಐದು ಜನ ಸಂಸಾರ ಮಾಡಿದ ಹಾಗಾಯಿತು.

ತೊಂಬತ್ತೆಂಟರಲ್ಲಿ ಸಕ್ಕರೆ ಕಾಯಿಲೆ ತಮ್ಮಯ್ಯನ ಎರಡು ಕಣ್ಣನ್ನೂ ತಿಂದಿತು. ಆ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ಬರೆಯಬೇಕೆಂಬ ಹುಚ್ಚು ಮಾತ್ರ ಹೋಗಲಿಲ್ಲ. ನವ್ಯಾಗೆ ಕನ್ನಡ ಕೇಳಿದರೆ ಗೊತ್ತಾಗುತ್ತಿತ್ತು, ಬರೆಯಲು ಬಾರದು. ಉಳಿದವಳು ಸಣ್ಣಮ್ಮ. ಬೆಳಿಗ್ಗೆ ಅಡುಗೆ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಕೂರುವಳು. ಅವನು ಹೇಳುವನು, ಅವಳು ಬರೆಯುವಳು. ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುವವಳೂ ಅವಳೇ. ಐದು ವರ್ಷದಲ್ಲಿ ನಾಲ್ಕು ನೋಟ್‌ಬುಕ್ಕು ತುಂಬಿತು.

ಬಾಖ್, ಹ್ಯಾಂಡೆಲ್ ಇಬ್ಬರೂ ಒಂದೇ ವರ್ಷ ಹುಟ್ಟಿದವರು. ಹತ್ತಿರದ ಊರಿನವರು, ಆದರೂ ಸಾಯುವ ತನಕ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹ್ಯಾಂಡೆಲ್ ಲಂಡನ್ನಿಗೆ ಹೋಗಿ ರಾಜರ ಮುಂದೆ ಮೆರೆದ, ಮದುವೆ ಆಗಲಿಲ್ಲ. ಬಾಖ್ ತನ್ನ ಸೀಮೆಯಲ್ಲೇ ಇಗರ್ಜಿಯ ಚಾಕರಿ ಮಾಡಿದ, ಎರಡು ಹೆಂಡಿರು, ಇಪ್ಪತ್ತು ಮಕ್ಕಳು. ಕೊನೆಗೆ ಇಬ್ಬರ ಕಣ್ಣಿಗೂ ಕೈ ಹಾಕಿದ ವೈದ್ಯ ಒಬ್ಬನೇ. ಇಬ್ಬರೂ ಕುರುಡರಾಗಿಯೇ ಸತ್ತರು. ಅದನ್ನು ಹೇಳುವಾಗ ತಮ್ಮಯ್ಯ ನಕ್ಕಿದ್ದ. ಅವಳಿಗೆ ನಗು ಬಂದಿರಲಿಲ್ಲ.

ಒಂದು ದಿನ ಅವನಿಗೆ ಮಾತು ತಡವರಿಸಿತು. ಇಬ್ಬರ ಸಂಗೀತಕ್ಕೂ ಏನು ವ್ಯತ್ಯಾಸ ಅಂತ ಹೇಗೆ ಹೇಳಲಿ ಅಂತ ತಿಣುಕಿದ. ಸಣ್ಣಮ್ಮ ಪೆನ್ನು ಹಿಡಿದು ಕಾದು ಕಾದು ಬೇಸತ್ತು, ಬಾಖನದು ಮನೆ ತುಂಬ ಜನ ಒಟ್ಟಿಗೇ ಮಾತಾಡಿದ ಹಾಗೆ, ಆದರೂ ಒಬ್ಬರ ಮಾತನ್ನು ಇನ್ನೊಬ್ಬರು ತುಳಿಯಲ್ಲ, ಹ್ಯಾಂಡೆಲ್‌ನದು ಬೀದಿಬಾಗಿಲು ತೆಗೆದು ಊರಿಗೆ ಊರನ್ನೇ ಊಟಕ್ಕೆ ಕರೆದ ಹಾಗೆ ಅಂದಳು. ತಮ್ಮಯ್ಯ ಅವಳ ದನಿಯ ಕಡೆ ತಿರುಗಿದ. ಆಮೇಲೆ, "ಬರ್ಕೊ ಅದ್ನ" ಅಂದ.

ಬಾಖನ ಎರಡನೇ ಹೆಂಡತಿ ಗಂಡನ ಸಂಗೀತವನ್ನೆಲ್ಲ ಕೂತು ನಕಲು ಮಾಡಿದವಳಂತೆ. ಅವಳು ಬರೆದದ್ದನ್ನು ಪಂಡಿತರು ಎಷ್ಟೋ ಕಾಲ ಅವನ ಕೈಯೆಂದೇ ತಿಳಿದಿದ್ದರಂತೆ. ಇದನ್ನೂ ತಮ್ಮಯ್ಯನೇ ಹೇಳಿದ. ಸಣ್ಣಮ್ಮ ಬರೆದಳು. ಅವನು ಮುಂದಿನ ಸಾಲಿಗೆ ಹೋದ. ಗಂಡ ಸತ್ತ ಮೇಲೆ ಅವಳ ಗತಿ ಏನಾಯ್ತು ಅಂತ ಸಣ್ಣಮ್ಮ ಕೇಳಿದ್ದಕ್ಕೆ, ಅದು ಇಲ್ಲಿಗೆ ಬೇಡ ಅಂದ.

ಎರಡು ಸಾವಿರದ ನಾಲ್ಕರ ಫೆಬ್ರವರಿಯಲ್ಲಿ ತಮ್ಮಯ್ಯ ಹೋದ. ತಿಂಗಳಾಗಿರಲಿಲ್ಲ, ಅವನು ಭಾನುವಾರ ಹೋಗುತ್ತಿದ್ದ, ಸಂಗೀತ ಕೇಳುವ ಕನ್ನಡಿಗರ ಕೂಟದ ಕಾರ್ಯದರ್ಶಿ ಜಯರಾಮ ಬಂದ. ಶ್ರದ್ಧಾಂಜಲಿ ಸಭೆ ಇದೆ, ತೋರಿಸಲು ನೋಟ್‌ಬುಕ್ಕು ಬೇಕು ಅಂದ. ಅವಳು ಕೊಟ್ಟಳು.

ಸಭೆ ನಡೆದದ್ದು ಮಹಡಿ ಮೇಲಿನ ಟ್ಯೂಷನ್ ಕೋಣೆಯಲ್ಲಿ. ಇಪ್ಪತ್ತು ಜನ ಇದ್ದರು. ಜಯರಾಮ ಮೊದಲು ಆ ಮನೆ ತುಂಬ ಜನರ ಸಾಲನ್ನು ಓದಿದ. ತಮ್ಮಯ್ಯನಂಥ ರಸಿಕ ಮಾತ್ರ ಹೇಳಬಲ್ಲ ಮಾತು ಅಂದ. ಎಲ್ಲರೂ ತಲೆದೂಗಿದರು. ಆಮೇಲೆ ಪುಟ ಅಗಲಿಸಿ ಎತ್ತಿ ಹಿಡಿದ.

"ನೋಡಿ, ಕಣ್ಣಿಲ್ಲದ ಮನುಷ್ಯ ತಡಕಿ ತಡಕಿ ಬರೆದ ಅಕ್ಷರ. ಕೊನೆಗಾಲದಲ್ಲಿ ಕೈ ಮಗುವಿನ ಕೈ ಆಗಿಬಿಟ್ಟಿತ್ತು."

ಮುಂದಿನ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು. ಜಯರಾಮ ನಿಲ್ಲಿಸಲಿಲ್ಲ. ಬಾಖ್ ಸತ್ತ ಮೇಲೆ ಅವನ ಹೆಂಡತಿ ಗಂಡನ ಹಾಳೆಗಳನ್ನು ಊರಿನವರಿಗೆ ಒಪ್ಪಿಸಿದಳು, ಹತ್ತು ವರ್ಷ ಕಂಡವರ ದಾನದಲ್ಲಿ ಬದುಕಿ ಸತ್ತಳು, ಆದರೆ ಹಾಳೆಗಳು ಉಳಿದವು. ಅದೇ ದೊಡ್ಡ ಮನಸ್ಸಿನಿಂದ ನಮ್ಮ ಸಣ್ಣಮ್ಮನವರೂ ಈ ನೋಟ್‌ಬುಕ್ಕುಗಳನ್ನು ಕೂಟಕ್ಕೆ ಕೊಟ್ಟಿದ್ದಾರೆ, ತಮ್ಮಯ್ಯನ ಹೆಸರಲ್ಲಿ ಅಚ್ಚು ಹಾಕಿಸುತ್ತೇವೆ ಅಂದ. ಜನ ಚಪ್ಪಾಳೆ ಹೊಡೆದರು.

ಸಣ್ಣಮ್ಮ ಎದ್ದಳು. "ಅದು ಅವರ ಕೈ ಅಲ್ಲ" ಅಂದಳು.

"ದುಃಖದಲ್ಲಿದೀರಿ. ಕೂತ್ಕೊಳಿ, ಅಮ್ಮ."

ಅವಳು ಕೂರಲಿಲ್ಲ. ನೇರ ಕಪ್ಪು ಹಲಗೆಯ ಹತ್ತಿರ ಹೋಗಿ ಸೀಮೆಸುಣ್ಣ ತೆಗೆದುಕೊಂಡಳು. ಬಾಖನದು ಮನೆ ತುಂಬ ಜನ ಅಂತ ಶುರು ಮಾಡಿ ಪೂರ್ತಿ ಸಾಲನ್ನು ಬರೆದಳು. ನಿಧಾನವಾಗಿ, ಒಂದೊಂದು ಅಕ್ಷರವನ್ನೂ ದುಂಡಗೆ. ಜಯರಾಮ ಹಲಗೆ ನೋಡಿದ, ಕೈಯಲ್ಲಿದ್ದ ಪುಟ ನೋಡಿದ, ಮತ್ತೆ ಹಲಗೆ ನೋಡಿದ.

"ಕೈಯೂ ನಂದು, ಮಾತೂ ನಂದು" ಅಂದಳು. "ಕೊಡಿ ಇಲ್ಲಿ."

ನಾಲ್ಕನ್ನೂ ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು. ಹಿಂದೆಯೇ ಬಂದ ನವ್ಯಾ ಅಳುತ್ತಿದ್ದಳು. "ಅಪ್ಪಾ ಮಾನಮೇ ಪೋಚ್ಚುಮಾ" ಅಂತ ತಮಿಳಿನಲ್ಲಿ ಅಂದಳು.

"ನಿಮ್ಮಪ್ಪನ ಮಾನ ಐದು ವರ್ಷ ನನ್ನ ಬೆರಳಲ್ಲಿತ್ತು. ಎಲ್ಲೂ ಹೋಗಿಲ್ಲ, ನಡಿ."

ಮನೆಗೆ ಬಂದು ತಮ್ಮಯ್ಯನ ಫೋಟೋದ ಮುಂದೆ ನಿಂತಳು. ಜಯರಾಮನ ಮೇಲಿನ ಸಿಟ್ಟು ದಾರಿಯಲ್ಲೇ ಅರ್ಧ ಇಳಿದಿತ್ತು. ಗಂಡನ ಮೇಲಿನದು ಇಳಿಯುವ ಸಿಟ್ಟಲ್ಲ. ಈ ಬರಹಕ್ಕೆ ಕೂಟದಿಂದ ಹೊಗಳಿಸಿಕೊಂಡು ಬಂದ ಎಷ್ಟು ಭಾನುವಾರ ಇದೇ ಕುರ್ಚಿಯಲ್ಲಿ ಕೂತು ಕಾಫಿ ಕುಡಿದಿದ್ದ. ಬಾಖನ ಹೆಂಡತಿಯ ಗತಿ ಗೊತ್ತಿದ್ದೂ ಬಾಯಿ ಬಿಡಲಿಲ್ಲ.

"ಇವಳು ಬರೆದ್ಲು ಅಂತ ಒಂದು ಸಾಲು ಹೇಳಿದ್ರೆ ಸಾಕಾಗಿತ್ತಲ್ರೀ" ಅಂದಳು. "ಅದ್ನೂ ನಾನೇ ಬರ್ಕೋತಿದ್ದೆ."

ಫೋಟೋದ ಗಾಜಿನ ಮೇಲೆ ಕುಂಕುಮ ಉದುರಿತ್ತು. ಒರೆಸಿದಳು. ಅವತ್ತು ಹೂ ಹಾಕಲಿಲ್ಲ.

ಮುಂದಿನ ಭಾನುವಾರ ಜಯರಾಮ ಬಂದ. ತಪ್ಪಾಯಿತು ಅಂದ. ಅವಳ ಹೆಸರನ್ನೂ ಹಾಕಿಸುತ್ತೇವೆ, ನೋಟ್‌ಬುಕ್ಕು ಮಾತ್ರ ಕೊಡಿ ಅಂದ. ಕೊಡಲ್ಲ ಅಂದಳು. ಹಾಗಾದರೆ ಅಚ್ಚಿಗೆ ಹೇಗೆ ಅಂತ ಅವನು ಕೇಳಿದ. ಸಣ್ಣಮ್ಮ ಒಳಗಿಂದ ಒಂದು ಹೊಸ ನೋಟ್‌ಬುಕ್ಕು, ಒಂದು ಪೆನ್ನು ತಂದು ಅವನ ಮುಂದಿಟ್ಟಳು. ತಮ್ಮಯ್ಯನ ಕುರ್ಚಿಯಲ್ಲಿ ತಾನು ಕೂತಳು.

"ನಾನು ಹೇಳ್ತೀನಿ. ನೀವು ಬರ್ಕೊಳಿ."

ಜಯರಾಮ ನೆಲದ ಮೇಲೆ ಕಾಲು ಮಡಿಸಿ ಕೂತ. ಅವಳು ಮೊದಲ ಪುಟದಿಂದ ಶುರು ಮಾಡಲಿಲ್ಲ. ಬಾಖನ ಹೆಂಡತಿಯಿಂದ ಶುರು ಮಾಡಿದಳು, ಅವಳು ಹೇಗೆ ಸತ್ತಳು ಅನ್ನುವಲ್ಲಿಂದ. ಎರಡು ಸಾಲಾದ ಮೇಲೆ ಬಗ್ಗಿ ನೋಡಿದಳು. ಪದವಿ ಓದಿದವನ ಅಕ್ಷರ ಕಾಗೆ ಕಾಲಿನ ಹಾಗಿತ್ತು.

"ದುಂಡಗೆ ಬರೀರಿ" ಅಂದಳು. "ಕೆಳಗೆ ನಿಮ್ಮ ಹೆಸರೂ ಹಾಕಿ, ಆಮೇಲೆ ಯಾರ ಕೈ ಅಂತ ಗೊತ್ತಾಗ್ಬೇಕಲ್ಲ."